ಪೆಟ್ಟಿಗೆಯ ಬೆಲೆ ಬೇರೆ, ಆಟದ ಖರ್ಚು ಬೇರೆ: ಗೇಮ್ ಕನ್ಸೋಲ್ ಕೊಳ್ಳುವ ಮುನ್ನ

ಟೀವಿ, ಮಿಕ್ಸಿ, ವಾಷಿಂಗ್ ಮಷೀನ್ ಕೊಳ್ಳಲು ಚಾಮರಾಜನಗರದವರಾಗಲಿ ಗುಂಡ್ಲುಪೇಟೆಯವರಾಗಲಿ ಊರು ಬಿಡಬೇಕಿಲ್ಲ. ನಾಲ್ಕು ಅಂಗಡಿ ಸುತ್ತಿ, ಗುರುತಿನ ಸಾಹುಕಾರರ ಹತ್ತಿರ ಚೌಕಾಸಿ ಮಾಡಿ, ಸ್ಟೆಬಿಲೈಸರೋ ಗೋಡೆಗೆ ಹಾಕುವ ಸ್ಟ್ಯಾಂಡೋ ಒಂದನ್ನು ಮೇಲೆ ಹಾಕಿಸಿಕೊಂಡು ಬರುವುದು ನಮಗೆ ಗೊತ್ತಿರುವ ವಿದ್ಯೆ. ಗೇಮ್ ಕನ್ಸೋಲ್ ವಿಷಯದಲ್ಲಿ ಈ ವಿದ್ಯೆ ನಡೆಯುವುದಿಲ್ಲ. ಸೋನಿಯ ಪ್ಲೇಸ್ಟೇಷನ್ ಅಥವಾ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಬೇಕೆಂದರೆ ಒಂದೋ 60 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಬೇಕು, ಇಲ್ಲವೇ ಮೊಬೈಲಿನಲ್ಲಿ ಆರ್ಡರ್ ಹಾಕಿ ಕೊರಿಯರ್‌ನವರಿಗೆ ಕಾಯಬೇಕು. ಎರಡೂ ಕಡೆ ಬೆಲೆ ಮೊದಲೇ ಬರೆದಿಟ್ಟದ್ದು. 50 ಸಾವಿರ ಮೀರುವ ಈ ವಸ್ತುವನ್ನು ಎಷ್ಟೋ ಮನೆಗಳಲ್ಲಿ ಮಗನ ಮಾತಿನ ಮೇಲೋ ಯೂಟ್ಯೂಬ್ ವಿಡಿಯೋ ನೋಡಿಯೋ ಕೊಳ್ಳುತ್ತಾರೆ. ಆದ್ದರಿಂದ ಬೆಲೆ ಹೇಗೆ ಕಟ್ಟುತ್ತಾರೆ, 'ಕಾಂಬೊ ಆಫರ್' ಎಂಬುದರೊಳಗೆ ಏನಿರುತ್ತದೆ, ನಮ್ಮ ಊರಿನ ಇಂಟರ್‌ನೆಟ್ಟಿಗೂ ಕರೆಂಟಿಗೂ ಯಾವುದು ಹೊಂದುತ್ತದೆ ಎಂಬುದನ್ನು ಹೆತ್ತವರು ಒಮ್ಮೆ ಕೂತು ಲೆಕ್ಕ ಹಾಕುವುದು ಒಳ್ಳೆಯದು.

ಕಾಂಬೊ ನಮಗೆ ಹೊಸದೇನಲ್ಲ. 1990ರ ದಶಕದಲ್ಲಿ 'ಮೀಡಿಯಾ', 'ಲಿಟ್ಲ್ ಮಾಸ್ಟರ್' ಎಂಬ ಹೆಸರಿನ ಟೀವಿ ಗೇಮ್‌ಗಳು ಬರುತ್ತಿದ್ದವಲ್ಲ, ಅವು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು. ಒಂದೇ ಪೆಟ್ಟಿಗೆಯಲ್ಲಿ ಎರಡು ಕಂಟ್ರೋಲರ್, ಬಾತುಕೋಳಿ ಹೊಡೆಯಲು ಒಂದು ಗನ್ನು, ಸಾವಿರಾರು ಆಟಗಳಿವೆ ಎಂದು ಮೇಲೆ ಬರೆದ ಒಂದು ಕ್ಯಾಸೆಟ್. ಆ ಸಾವಿರಾರು ಆಟಗಳಲ್ಲಿ ಬೇರೆ ಬೇರೆಯಾದವು ಕೆಲವೇ. ಮಾರಿಯೋ, ಕಾಂಟ್ರಾಗಳೇ ಬೇರೆ ಬೇರೆ ಹಂತದಿಂದ ಶುರುವಾಗಿ ಪಟ್ಟಿ ತುಂಬಿಸುತ್ತಿದ್ದವು. ಎಣಿಕೆ ದೊಡ್ಡದಿದ್ದರೂ ಸರಕು ಸಣ್ಣದಿರಬಹುದು. ಇಂದಿನ ಆಫರ್‌ಗಳನ್ನೂ ಆ ಕಣ್ಣಿನಿಂದಲೇ ನೋಡಬೇಕು.

ಬೆಲೆ ಕಟ್ಟುವ ಬಗೆ

ಕನ್ಸೋಲ್ ಕಂಪನಿಗಳ ವ್ಯಾಪಾರಕ್ಕೆ ಒಂದು ಗುಟ್ಟಿದೆ. ಪೆಟ್ಟಿಗೆಯನ್ನು ಅಸಲಿಗೋ ಅದಕ್ಕೂ ಕಡಿಮೆಗೋ ಕೊಟ್ಟು, ಮುಂದೆ ನೀವು ಕೊಳ್ಳುವ ಪ್ರತಿ ಆಟದಿಂದ ಲಾಭ ತೆಗೆಯುತ್ತಾರೆ. 2006ರಲ್ಲಿ ಪ್ಲೇಸ್ಟೇಷನ್ 3 ಬಂದಾಗ ಅಮೆರಿಕದಲ್ಲಿ ದೊಡ್ಡ ಮಾದರಿಯ ಬೆಲೆ 599 ಡಾಲರ್. ಅದನ್ನು ಬಿಚ್ಚಿ ಲೆಕ್ಕ ಹಾಕಿದ ಐಸಪ್ಲೈ ಎಂಬ ಸಂಸ್ಥೆ, ತಯಾರಿಕೆಯ ಖರ್ಚೇ ಸುಮಾರು 840 ಡಾಲರ್ ಎಂದು ಅಂದಾಜು ಮಾಡಿತ್ತು. 2021ರಲ್ಲಿ ಆಟ ತಯಾರಿಸುವ ಎಪಿಕ್ ಕಂಪನಿ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ ಮೈಕ್ರೋಸಾಫ್ಟ್‌ನ ಅಧಿಕಾರಿ ಲೋರಿ ರೈಟ್, ಎಕ್ಸ್‌ಬಾಕ್ಸ್ ಪೆಟ್ಟಿಗೆ ಮಾರಿ ಕಂಪನಿ ಎಂದೂ ಲಾಭ ಮಾಡಿಲ್ಲ ಎಂದು ಸಾಕ್ಷಿ ಹೇಳಿದರು. ಹಾಗಾದರೆ ದುಡ್ಡು ಬರುವುದು ಎಲ್ಲಿಂದ? ಅವರ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವಾಗುವ ಆಟಗಳ ಮೇಲೆ ಸಾಮಾನ್ಯವಾಗಿ 100ಕ್ಕೆ 30ರಷ್ಟು ಪಾಲು, ಕಂಟ್ರೋಲರ್, ಹೆಡ್‌ಸೆಟ್‌ನಂಥ ಬಿಡಿ ಸಾಮಾನು, ತಿಂಗಳ ಚಂದಾ, ಇವುಗಳಿಂದ. ಪೆಟ್ಟಿಗೆಯ ಬೆಲೆಯ ಮೇಲೇ ಕಣ್ಣಿಟ್ಟವರು ಮುಖ್ಯ ಖರ್ಚನ್ನು ನೋಡದೇ ಬಿಟ್ಟಂತೆ.

ಭಾರತದ ಬೆಲೆ ಅಮೆರಿಕಕ್ಕಿಂತ ಏಕೆ ಹೆಚ್ಚು ಎಂದು ಹುಡುಗರು ಕೇಳುತ್ತಾರೆ. 2021ರ ಫೆಬ್ರವರಿ 2ರಂದು ಪ್ಲೇಸ್ಟೇಷನ್ 5 ಇಲ್ಲಿಗೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 39,990 ರೂಪಾಯಿ. ಅಮೆರಿಕದ 499 ಡಾಲರ್ ಆಗಿನ ಲೆಕ್ಕದಲ್ಲಿ 36,400 ರೂಪಾಯಿಯ ಆಸುಪಾಸು. ಅದಕ್ಕೆ 20 ಶೇಕಡಾ ಆಮದು ಸುಂಕ ಸೇರಿಸಿದರೆ 43,700. ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಹಾಕಿದರೆ 51,500 ದಾಟುತ್ತದೆ. ಸುಂಕ ಹಾಕುವುದು ಆಮದಿನ ಬಿಲ್ಲಿನ ಮೇಲೆಯೇ ಹೊರತು ಅಮೆರಿಕದ ಅಂಗಡಿ ಬೆಲೆಯ ಮೇಲಲ್ಲ, ಹಾಗಾಗಿ ಇದು ಅಂದಾಜು ಮಾತ್ರ. ಆದರೂ ವ್ಯತ್ಯಾಸದ ಬಹುಪಾಲು ತೆರಿಗೆಯದು ಎಂಬುದು ಸ್ಪಷ್ಟ. ಕನ್ಸೋಲ್ ಮೇಲಿನ ಸುಂಕವನ್ನು 2018ರ ಬಜೆಟ್‌ನಲ್ಲಿ 10ರಿಂದ 20 ಶೇಕಡಾಕ್ಕೆ ಏರಿಸಿದರು. ಜಿಎಸ್‌ಟಿಯನ್ನು 2019ರ ಜನವರಿ 1ರಿಂದ 28ರಿಂದ 18ಕ್ಕೆ ಇಳಿಸಿದರು. ಅಂಗಡಿಯವರು ತೆರಿಗೆ ಬಿಟ್ಟು ಬಿಲ್ಲಿಲ್ಲದೆ ಕೊಡುತ್ತೇನೆಂದರೆ ಒಪ್ಪಬೇಡಿ. ಬಿಲ್ಲಿಲ್ಲದ ಪೆಟ್ಟಿಗೆಗೆ ವಾರಂಟಿಯ ಮಾತೇ ಇಲ್ಲ.

ಇನ್ನೊಂದು ನಂಬಿಕೆಯನ್ನು ಈಗ ಬಿಡಬೇಕಾಗಿದೆ. ಮೊದಲೆಲ್ಲ ಕಾದಷ್ಟೂ ಕನ್ಸೋಲ್ ಅಗ್ಗವಾಗುತ್ತಿತ್ತು. ಅಮೆರಿಕದಲ್ಲಿ 2000ದಲ್ಲಿ 299 ಡಾಲರ್ ಇದ್ದ ಪ್ಲೇಸ್ಟೇಷನ್ 2, ಮೆಟ್ಟಿಲು ಮೆಟ್ಟಿಲಾಗಿ ಇಳಿದು 2009ಕ್ಕೆ 99 ಡಾಲರ್ ಆಯಿತು. ಈ ತಲೆಮಾರಿನ ಪೆಟ್ಟಿಗೆಗಳು ಹಳೆಯವಾದಷ್ಟೂ ತುಟ್ಟಿಯಾಗುತ್ತಿವೆ. ಪ್ಲೇಸ್ಟೇಷನ್ 5 ಭಾರತದಲ್ಲಿ 2022ರ ನವೆಂಬರ್‌ನಲ್ಲಿ 54,990ಕ್ಕೆ ಏರಿತು. ಅಮೆರಿಕದಲ್ಲಿ 2020ರಲ್ಲಿ 299 ಡಾಲರ್‌ಗೆ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್, 2025ರ ಅಕ್ಟೋಬರ್ ಹೊತ್ತಿಗೆ 399 ಡಾಲರ್ ಆಗಿತ್ತು. ಮುಂದಿನ ವರ್ಷ ಅಗ್ಗವಾದೀತು ಎಂದು ವರ್ಷಗಟ್ಟಲೆ ಕಾಯುವುದರಲ್ಲಿ ಈಗ ಅರ್ಥವಿಲ್ಲ. ಹಬ್ಬದ ಆಫರ್‌ಗೆ ಕೆಲವು ತಿಂಗಳು ಕಾಯುವುದರಲ್ಲಿ ಇದೆ. 2023ರ ಜುಲೈ ಕೊನೆಯಿಂದ ಎರಡು ವಾರ 54,990ರ ಪೆಟ್ಟಿಗೆ 47,490ಕ್ಕೆ ಸಿಕ್ಕಿತ್ತು. ಅಂಥ ಇಳಿಕೆ ಸಾಮಾನ್ಯವಾಗಿ ದಸರಾ ದೀಪಾವಳಿಯ ಸುತ್ತ ಬರುತ್ತದೆ. ಕೆಲವೊಮ್ಮೆ ಗಣರಾಜ್ಯೋತ್ಸವದ ಹೊತ್ತಿಗೂ, ಮಧ್ಯದಲ್ಲೂ ಬಂದದ್ದುಂಟು.

ಇಲ್ಲಿ ನಮ್ಮ ಜಿಲ್ಲೆಗೆ ಒಂದು ತೊಡಕಿದೆ. ಆಫರ್‌ಗಳ ಪಂಚಾಂಗ ಸಂಬಳದಾರರಿಗೆ ಹೊಂದುವಂಥದು. ಚಾಮರಾಜನಗರದ ಅರಿಸಿನ ಬೆಳೆಗಾರರ ಕೈಗೆ ದುಡ್ಡು ಬರುವುದು ಸಂಕ್ರಾಂತಿ ಕಳೆದ ಮೇಲೆ. ಗುಂಡ್ಲುಪೇಟೆ ಕಡೆ ಚೆಂಡು ಹೂ ಬೆಳೆದವರಿಗೆ ಮುಂಗಾರಿನ ಹೂ ಮಾರಿದ ಹಣ ದಸರೆಗೆ ಮುಂಚೆ ಬರಬಹುದು, ಆದರೆ ಅದಕ್ಕೆ ಬಿತ್ತನೆಯ ಸಾಲ ಮೊದಲೇ ಕಾದಿರುತ್ತದೆ. ಆಫರ್ ಮುಗಿದುಹೋಗುತ್ತದೆಂಬ ಅವಸರಕ್ಕೆ ಬಿದ್ದು ಬೆಳೆ ಬರುವ ಮೊದಲೇ ಇಎಂಐ ತೆಗೆದುಕೊಳ್ಳುವುದು ಬೇಡ. 5 ಸಾವಿರದ ಇಳಿಕೆ ಮತ್ತೆ ಬಂದೇ ಬರುತ್ತದೆ.

'ನೋ ಕಾಸ್ಟ್ ಇಎಂಐ' ಎಂಬುದನ್ನೂ ಬಿಡಿಸಿ ನೋಡಿ. ಬಡ್ಡಿಯಿಲ್ಲದ ಸಾಲ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕ್ರೆಡಿಟ್ ಕಾರ್ಡಿನ ಈ ಏರ್ಪಾಟಿನಲ್ಲಿ ಬ್ಯಾಂಕು ಬಡ್ಡಿ ಹಾಕುತ್ತದೆ, ಮಾರುವವರು ಅಷ್ಟು ಮೊತ್ತವನ್ನು ಮೊದಲೇ ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ. ಆದರೆ ಆ ಬಡ್ಡಿಯ ಮೇಲಿನ 18 ಶೇಕಡಾ ಜಿಎಸ್‌ಟಿ, ಸಾಲದ ಸಂಸ್ಕರಣಾ ಶುಲ್ಕ ನಿಮ್ಮ ತಲೆಗೇ ಬರುತ್ತವೆ. 9 ತಿಂಗಳ ಕಂತಿನಲ್ಲಿ ಬಡ್ಡಿ 3,300 ರೂಪಾಯಿ ಎಂದಿಟ್ಟುಕೊಂಡರೆ ತೆರಿಗೆಯೇ 594. ಶುಲ್ಕ ಸೇರಿದರೆ 800ರ ಆಸುಪಾಸು ಆಗುತ್ತದೆ. ಇದು ದೊಡ್ಡ ಮೊತ್ತವಲ್ಲ. ದೊಡ್ಡ ನಷ್ಟವಾಗುವುದು ಒಟ್ಟು ಹಣ ಕಟ್ಟುವವರಿಗೆ ಸಿಗುವ ರಿಯಾಯಿತಿ ಇಎಂಐನವರಿಗೆ ಸಿಗದಿದ್ದಾಗ. ಎರಡೂ ಬೆಲೆ ಕೇಳಿ ಬರೆದುಕೊಳ್ಳಿ.

ಕಾಂಬೊ ಒಳಗೆ ಏನಿದೆ

ಪೆಟ್ಟಿಗೆಯ ಜೊತೆ ಬೇರೆ ಸಾಮಾನು ಕೂಡಿಸಿ ಮಾರುವುದರಲ್ಲಿ ಎರಡು ಬಗೆ. ಕೊಳ್ಳುವವರಿಗೆ ಹೇಗೂ ಬೇಕಾಗುವುದನ್ನು ಸೇರಿಸಿ ಒಟ್ಟು ಬೆಲೆ ಇಳಿಸುವುದು ಒಂದು. ಮಾರಾಟವಾಗದೆ ಉಳಿದದ್ದನ್ನೋ ಕೊಳ್ಳುವವರಿಗೆ ಬೇಡದ್ದನ್ನೋ ಅಂಟಿಸಿ ಒಟ್ಟು ಬೆಲೆ ಏರಿಸುವುದು ಇನ್ನೊಂದು.

ಮೊದಲನೆಯದಕ್ಕೆ ಒಳ್ಳೆಯ ನಿದರ್ಶನ ನಿಂಟೆಂಡೊದ ವೀ. 2006ರಲ್ಲಿ ಜಪಾನ್ ಬಿಟ್ಟು ಹೆಚ್ಚಿನ ದೇಶಗಳಲ್ಲಿ 'ವೀ ಸ್ಪೋರ್ಟ್ಸ್' ಆಟವನ್ನು ಪೆಟ್ಟಿಗೆಯೊಳಗೇ ಇಟ್ಟು ಕೊಟ್ಟರು. ಟೆನಿಸ್, ಬೌಲಿಂಗ್ ಎಂದು ಮನೆಯ ಅಜ್ಜಿಯೂ ಕೈ ಬೀಸಿ ಆಡಬಹುದಾದ ಆಟ ಅದು. 8 ಕೋಟಿಗೂ ಹೆಚ್ಚು ಪ್ರತಿ ಹೋಯಿತು, ಕನ್ಸೋಲ್ 10 ಕೋಟಿ ದಾಟಿತು. ಪೆಟ್ಟಿಗೆ ಯಾಕೆ ಕೊಳ್ಳಬೇಕು ಎಂಬ ಪ್ರಶ್ನೆಗೆ ಜೊತೆಗಿದ್ದ ಆಟವೇ ಉತ್ತರವಾಗಿತ್ತು. 2025ರ ಜೂನ್ 5ರಂದು ಬಂದ ಅದೇ ಕಂಪನಿಯ ಸ್ವಿಚ್ 2ರಲ್ಲೂ ಲೆಕ್ಕ ನೇರವಾಗಿತ್ತು: ಅಮೆರಿಕದಲ್ಲಿ ಆಗ ಪೆಟ್ಟಿಗೆ 449.99 ಡಾಲರ್, 'ಮಾರಿಯೋ ಕಾರ್ಟ್ ವರ್ಲ್ಡ್' ಆಟ ಬಿಡಿಯಾಗಿ 79.99, ಎರಡೂ ಸೇರಿ 499.99. 30 ಡಾಲರ್ ಉಳಿಯುತ್ತಿತ್ತು, ಆ ಆಟ ಬೇಕಿದ್ದವರಿಗೆ ಮಾತ್ರ. ಬೇಡದವರಿಗೆ 50 ಡಾಲರ್ ಹೆಚ್ಚು.

ಎರಡನೆಯದಕ್ಕೆ ಮೈಕ್ರೋಸಾಫ್ಟ್ ದೊಡ್ಡ ಬೆಲೆ ತೆತ್ತಿತು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಕೈನೆಕ್ಟ್ ಎಂಬ ಕ್ಯಾಮೆರಾವನ್ನು ಕಡ್ಡಾಯ ಮಾಡಿ 499 ಡಾಲರ್ ಇಟ್ಟರು. ಸೋನಿ ಕ್ಯಾಮೆರಾ ಬಿಟ್ಟು ಪ್ಲೇಸ್ಟೇಷನ್ 4ನ್ನು 399ಕ್ಕೆ ಕೊಟ್ಟಿತು. ಜನ 100 ಡಾಲರ್ ಉಳಿಸಿದರು. 2014ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಕ್ಯಾಮೆರಾ ಬೇರ್ಪಡಿಸಿ 399ಕ್ಕೆ ಇಳಿಯಿತು. ಭಾರತಕ್ಕೆ ಎಕ್ಸ್‌ಬಾಕ್ಸ್ ಒನ್ ಬಂದದ್ದು ಅದರ ನಂತರ, 2014ರ ಸೆಪ್ಟೆಂಬರ್ 23ರಂದು. ಇಲ್ಲಿ ಕ್ಯಾಮೆರಾ ಇಲ್ಲದ್ದಕ್ಕೆ 39,990, ಇದ್ದದ್ದಕ್ಕೆ 45,990 ಎಂದು ಎರಡು ಬೆಲೆ ಇಟ್ಟರು. ಆ 6 ಸಾವಿರ ಹೆಚ್ಚು ಕೊಟ್ಟವರ ಮನೆಯಲ್ಲಿ ಕೈನೆಕ್ಟ್ ಹೆಚ್ಚು ದಿನ ಉಪಯೋಗಕ್ಕೆ ಬರಲಿಲ್ಲ. ಅದರ ತಯಾರಿಕೆಯನ್ನೇ 2017ರಲ್ಲಿ ನಿಲ್ಲಿಸಿದರು.

ನಮ್ಮ ದೇಶದಲ್ಲಿ ಈ ಅಂಟಿಸುವ ವ್ಯಾಪಾರ ವಿಪರೀತಕ್ಕೆ ಹೋದದ್ದು 2021 ಮತ್ತು 2022ರಲ್ಲಿ. ಚಿಪ್ ಕೊರತೆಯಿಂದ ಪ್ಲೇಸ್ಟೇಷನ್ 5 ಸಿಗುತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಬುಕಿಂಗ್ ತೆರೆದರೆ ನಿಮಿಷಗಳಲ್ಲಿ ಖಾಲಿ. ಆಗ ಹಲವು ಅಂಗಡಿಗಳು ಪೆಟ್ಟಿಗೆಯನ್ನು ಒಂಟಿಯಾಗಿ ಕೊಡದೆ, ಕಂಟ್ರೋಲರ್, ಹೆಡ್‌ಸೆಟ್, ಆಟ ಸೇರಿಸಿಯೇ ಕೊಡುತ್ತೇವೆ ಎಂದವು. ಬಿಡುಗಡೆ ಸಮಯದ ಬೆಲೆ ನೋಡಿ: ಇನ್ನೊಂದು ಕಂಟ್ರೋಲರ್ 5,990, ಹೆಡ್‌ಸೆಟ್ 8,590, ಕ್ಯಾಮೆರಾ 5,190, ರಿಮೋಟ್ 2,590, ಚಾರ್ಜ್ ಮಾಡುವ ಸ್ಟ್ಯಾಂಡ್ 2,590. ಒಟ್ಟು 24,950 ರೂಪಾಯಿ, ಹೆಚ್ಚು ಕಡಿಮೆ ಕನ್ಸೋಲಿನ ಅರ್ಧ ಬೆಲೆ. ಇದರಲ್ಲಿ ಅಣ್ಣ ತಮ್ಮ ಜೊತೆಯಾಗಿ ಆಡುವ ಮನೆಗೆ ಬೇಕಾದದ್ದು ಕಂಟ್ರೋಲರ್ ಒಂದೇ. ಹೆಡ್‌ಸೆಟ್ ಬದಲು ಮೊಬೈಲಿನ ತಂತಿ ಇರುವ ಇಯರ್‌ಫೋನನ್ನೇ ಕಂಟ್ರೋಲರ್‌ಗೆ ಚುಚ್ಚಬಹುದು. ಚಾರ್ಜಿಗೆ ಟೈಪ್ ಸಿ ಕೇಬಲ್ ಸಾಕು. ಕ್ಯಾಮೆರಾ ಬೇಕಾಗುವುದು ತಾವು ಆಡುವುದನ್ನು ನೇರಪ್ರಸಾರ ಮಾಡುವವರಿಗೆ.

ಹಾಗಾಗಿ ಯಾವ ಕಾಂಬೊ ನೋಡಿದರೂ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಅದರಲ್ಲಿರುವ ಒಂದೊಂದು ಸಾಮಾನಿನ ಬಿಡಿ ಬೆಲೆ ಬರೆಯಿರಿ. ಕಾಂಬೊ ಇಲ್ಲದಿದ್ದರೂ ಈ ವರ್ಷ ದುಡ್ಡು ಕೊಟ್ಟು ಕೊಳ್ಳುತ್ತಿದ್ದವನ್ನು ಉಳಿಸಿ, ಮಿಕ್ಕದ್ದನ್ನೆಲ್ಲ ಸೊನ್ನೆ ಎಂದು ಹೊಡೆದುಹಾಕಿ. ಉಳಿದದ್ದರ ಮೊತ್ತಕ್ಕಿಂತ ಕಾಂಬೊ ಬೆಲೆ ಕಡಿಮೆಯಿದ್ದರೆ ತೆಗೆದುಕೊಳ್ಳಿ. ಜೊತೆಗಿರುವ ಆಟ ಡಿಸ್ಕೋ, ಬರಿಯ ಕೋಡ್ ಇರುವ ಚೀಟಿಯೋ ಎಂದು ಕೇಳುವುದನ್ನು ಮರೆಯಬೇಡಿ. ಡಿಸ್ಕನ್ನು ಆಡಿ ಮುಗಿಸಿ ಮಾರಬಹುದು. ಕೋಡ್ ಒಮ್ಮೆ ನಿಮ್ಮ ಖಾತೆಗೆ ಸೇರಿದರೆ ಅಲ್ಲೇ.

ಜೊತೆಗೆ ಕೊಡುವ 'ಒಂದು ತಿಂಗಳು ಉಚಿತ' ಚಂದಾ ಬಗ್ಗೆ ಎಚ್ಚರ ಇರಲಿ. ಪ್ಲೇಸ್ಟೇಷನ್ ಪ್ಲಸ್‌ನ ಕೆಳ ದರ್ಜೆಯ ವರ್ಷದ ಚಂದಾ 2,999 ಇದ್ದದ್ದು 2023ರ ಸೆಪ್ಟೆಂಬರ್‌ನಲ್ಲಿ 3,949 ಆಯಿತು. ಎಕ್ಸ್‌ಬಾಕ್ಸ್‌ನ ಗೇಮ್ ಪಾಸ್ ಅಲ್ಟಿಮೇಟ್ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 829ರಿಂದ 1,389ಕ್ಕೆ ಹಾರಿತು. ಆ ದರದಲ್ಲಿ ವರ್ಷಕ್ಕೆ 16,668 ರೂಪಾಯಿ. ಉಚಿತ ಅವಧಿ ಮುಗಿದ ದಿನ ಕಾರ್ಡಿನಿಂದ ತಾನಾಗಿ ಹಣ ಹೋಗುತ್ತದೆ. ಹಣ ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರಬೇಕೆಂಬ ನಿಯಮವಿದೆ, ಅದನ್ನು ಓದದೆ ಅಳಿಸಬೇಡಿ. ಚಂದಾ ಹಾಕಿದ ದಿನವೇ ಸೆಟ್ಟಿಂಗ್‌ಗೆ ಹೋಗಿ ತಾನಾಗಿ ನವೀಕರಣವಾಗುವುದನ್ನು ನಿಲ್ಲಿಸಿಬಿಡಿ. ಉಚಿತ ತಿಂಗಳು ಹಾಗೆಯೇ ಉಳಿಯುತ್ತದೆ.

ಡಿಸ್ಕೋ, ಡಿಜಿಟಲ್ಲೋ

"ಅಪ್ಪೋ, ಡಿಜಿಟಲ್ದೇ ಸಾಕು ಕನಪ್ಪ, ಹತ್ತು ಸಾವ್ರ ಕಮ್ಮಿ" ಎಂದು ಮಕ್ಕಳು ಹೇಳುವುದುಂಟು. ನನ್ನ ಪ್ರಕಾರ ನಮ್ಮ ಎರಡೂ ಊರಿನ ಬಹುಪಾಲು ಮನೆಗಳಿಗೆ ಇದು ತಪ್ಪು ಆಯ್ಕೆ.

2024ರ ಏಪ್ರಿಲ್ 5ರಂದು ಪ್ಲೇಸ್ಟೇಷನ್ 5 ಸ್ಲಿಮ್ ಬಂದಾಗಿನ ಬೆಲೆ ಹಿಡಿಯೋಣ: ಡಿಸ್ಕಿನದು 54,990, ಡಿಜಿಟಲ್ 44,990. ಮೂರು ವರ್ಷ ಇಟ್ಟುಕೊಳ್ಳುತ್ತೀರಿ, ವರ್ಷಕ್ಕೆ ಮೂರು ಆಟ, ಒಂದಕ್ಕೆ ಸರಾಸರಿ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಹೊಸ ದೊಡ್ಡ ಆಟ 5 ಸಾವಿರದ ಹತ್ತಿರ ಇರುತ್ತದೆ, ಕೆಲವು ತಿಂಗಳು ಕಾದರೆ ಇಳಿಯುತ್ತದೆ, ಹಾಗಾಗಿ ಈ ಸರಾಸರಿ. ಡಿಜಿಟಲ್ ಮನೆಯಲ್ಲಿ ಒಂಬತ್ತು ಆಟಕ್ಕೆ 27,000 ಹೋಗಿ ಮರಳಿ ಏನೂ ಬರುವುದಿಲ್ಲ. ಡಿಸ್ಕ್ ಮನೆಯವರು ಆಡಿದ್ದನ್ನು ಅರ್ಧ ಬೆಲೆಗೆ ಮಾರಿದರೂ ಖರ್ಚು 13,500. ಇನ್ನೊಂದು ಕಂಟ್ರೋಲರ್‌ಗೆ 6,000, ಆನ್‌ಲೈನ್ ಆಡಲು ಮೂರು ವರ್ಷದ ಚಂದಾ 11,847 ಎರಡೂ ಕಡೆ ಒಂದೇ. ಒಟ್ಟು ಡಿಸ್ಕಿನವರಿಗೆ 86,337, ಡಿಜಿಟಲ್‌ನವರಿಗೆ 89,837. ಮೊದಲ ದಿನ ಹತ್ತು ಸಾವಿರ ಉಳಿಸಿದವರು ಕೊನೆಯಲ್ಲಿ 3,500 ಹೆಚ್ಚು ಕೊಟ್ಟಿರುತ್ತಾರೆ. ಬೆಲೆಗಳು ಬದಲಾಗುತ್ತಿರುತ್ತವೆ, ನೀವು ಕೊಳ್ಳುವ ದಿನದ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ವರ್ಷಕ್ಕೆ ಒಂದೇ ಆಟ ಕೊಳ್ಳುವ ಮನೆಯಾದರೆ ಡಿಜಿಟಲ್ ಗೆಲ್ಲಬಹುದು. ಗೆಳೆಯರ ನಡುವೆ ಡಿಸ್ಕ್ ಅದಲುಬದಲು ನಡೆಯುವ ಬೀದಿಯಾದರೆ ಡಿಸ್ಕಿನ ಲಾಭ ಇನ್ನೂ ಹೆಚ್ಚು. ಹಳೆಯ ಪ್ಲೇಸ್ಟೇಷನ್ 4ರ ಡಿಸ್ಕುಗಳು ಹೆಚ್ಚುಕಡಿಮೆ ಎಲ್ಲವೂ 5ರಲ್ಲಿ ಓಡುತ್ತವೆ, ಆ ಅಗ್ಗದ ಸರಕೂ ನಿಮಗೆ ತೆರೆದಿರುತ್ತದೆ.

ಹಣಕ್ಕಿಂತ ಗಟ್ಟಿಯಾದ ಕಾರಣ ಇಂಟರ್‌ನೆಟ್. ಈಗಿನ ದೊಡ್ಡ ಆಟ 100 ಜಿಬಿ ತೂಗುತ್ತದೆ. ಮನೆಗೆ 30 ಎಂಬಿಪಿಎಸ್ ಫೈಬರ್ ಇದ್ದರೆ ಅದು ಇಳಿಯಲು ಏಳೂವರೆ ಗಂಟೆ, ಅದೂ ವೇಗ ಪೂರ್ತಿ ಸಿಕ್ಕರೆ. ಫೈಬರ್ ಬಾರದ ಹಳ್ಳಿಯಲ್ಲಿ ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ನಂಬಿದರೆ 50 ದಿನ. ತೆರಕಣಾಂಬಿ, ಬೇಗೂರು, ಹರದನಹಳ್ಳಿ ಕಡೆಯ ತೋಟದ ಮನೆಗಳವರು ಪೆಟ್ಟಿಗೆ ಕೊಳ್ಳುವ ಮೊದಲು ತಮ್ಮ ಮನೆಗೆ ಫೈಬರ್ ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು. ಡಿಸ್ಕಿನಲ್ಲಿ ಆಟದ ಬಹುಭಾಗ ಇರುವುದರಿಂದ ಹಲವು ಆಟಗಳನ್ನು ನೆಟ್ ಇಲ್ಲದೆಯೂ ಶುರು ಮಾಡಬಹುದು, ತಿದ್ದುಪಡಿಗಳನ್ನು ಆಮೇಲೆ ಇಳಿಸಿಕೊಂಡರಾಯಿತು. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಗ್ಗದ ಪೆಟ್ಟಿಗೆ ಎಂದು ಹೆಸರಾದರೂ ಅದಕ್ಕೆ ಡಿಸ್ಕ್ ಹಾಕುವ ಜಾಗವೇ ಇಲ್ಲ. 512 ಜಿಬಿ ಎಂದು ಬರೆದಿದ್ದರೂ ಉಪಯೋಗಕ್ಕೆ ಸಿಗುವುದು 364 ಜಿಬಿ, ಅಂದರೆ ಮೂರು ನಾಲ್ಕು ದೊಡ್ಡ ಆಟ. ಹೊಸದಕ್ಕೆ ಜಾಗ ಮಾಡಲು ಹಳೆಯದನ್ನು ಅಳಿಸಿ, ಬೇಕಾದಾಗ ಮತ್ತೆ ಇಳಿಸಿಕೊಳ್ಳುವುದು ಒಳ್ಳೆಯ ನೆಟ್ ಇರುವ ಊರಿಗಷ್ಟೇ ಸರಿ.

ಸ್ಲಿಮ್ ಡಿಜಿಟಲ್ ಮಾದರಿಗೆ ಆಮೇಲೆ ಡಿಸ್ಕ್ ಡ್ರೈವ್ ಜೋಡಿಸಬಹುದು. ಒಮ್ಮೆ ಇಂಟರ್‌ನೆಟ್ ಮೂಲಕ ಅದನ್ನು ನೋಂದಾಯಿಸಬೇಕು. ಡ್ರೈವ್‌ನ ಬೆಲೆ ಎರಡು ಮಾದರಿಗಳ ನಡುವಿನ ವ್ಯತ್ಯಾಸವನ್ನು ಮೀರುತ್ತದೆಯೇ ಎಂದು ಮಾತ್ರ ನೋಡಿ.

ಕರೆಂಟು, ಟೀವಿ

ಪ್ಲೇಸ್ಟೇಷನ್ 5 ದೊಡ್ಡ ಆಟ ಓಡಿಸುವಾಗ 200 ವ್ಯಾಟ್ ಆಸುಪಾಸು ಎಳೆಯುತ್ತದೆ. ದಿನಕ್ಕೆ ಎರಡು ಗಂಟೆಯಾದರೆ ತಿಂಗಳಿಗೆ 12 ಯೂನಿಟ್, ಟೀವಿಯದೂ ಸೇರಿದರೆ 17, 18. ಯೂನಿಟ್‌ಗೆ 6 ರೂಪಾಯಿಯ ಹತ್ತಿರ ಲೆಕ್ಕ ಹಾಕಿದರೆ ನೂರು ರೂಪಾಯಿಯ ವಿಷಯ. ಆದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇರುವ ಮನೆಗಳು ಇನ್ನೊಂದು ಕಡೆಯಿಂದ ನೋಡಬೇಕು. ನಿಮ್ಮ ಉಚಿತ ಮಿತಿ 200 ಯೂನಿಟ್ ಅಲ್ಲ. 2022-23ರ ನಿಮ್ಮ ಸರಾಸರಿ ಬಳಕೆಗೆ 10 ಶೇಕಡಾ ಸೇರಿಸಿದ್ದು, ತೀರ ಕಡಿಮೆ ಬಳಸುವವರಿಗೆ 10 ಯೂನಿಟ್ ಸೇರಿಸಿದ್ದು. ಸರಾಸರಿ 60 ಇದ್ದ ಮನೆಗೆ 66. ಅದನ್ನು ಮೀರಿದ ಯೂನಿಟ್‌ಗಳಿಗೆ ವಿದ್ಯುತ್ ಕಂಪನಿ ಸೆಸ್ಕ್ ಬಿಲ್ ಹಾಕುತ್ತದೆ. ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಈಗಾಗಲೇ 185, 190ರ ಹತ್ತಿರ ಓಡುತ್ತಿರುವ ಮನೆಗೆ ಮಕ್ಕಳ ಎರಡು ಗಂಟೆಯ ಆಟ ಸಾವಿರ ರೂಪಾಯಿ ಮೀರುವ ಬಿಲ್ ತರಬಲ್ಲದು. ಆಟ ಉಳಿಸಿಕೊಳ್ಳುವಾಗಲೋ ತಿದ್ದುಪಡಿ ಇಳಿಯುವಾಗಲೋ ಕರೆಂಟು ಹೋದರೆ ದಾಖಲೆ ಕೆಡುವ ಸಂಭವವಿದೆ. ಮನೆಯ ಇನ್ವರ್ಟರ್ ಲೈನಿನಿಂದಲೋ ಸಣ್ಣ ಯುಪಿಎಸ್‌ನಿಂದಲೋ ಸಂಪರ್ಕ ಕೊಡಿ, ಕನಿಷ್ಠ ಸರ್ಜ್ ತಡೆಯುವ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಾದರೂ ಇರಲಿ.

ಟೀವಿ ಮತ್ತು ಕನ್ಸೋಲ್ ಸೇರಿಸಿದ ಕಾಂಬೊ ಮೈಸೂರಿನ ದೊಡ್ಡ ಮಳಿಗೆಗಳಲ್ಲಿ ಹಬ್ಬದ ಹೊತ್ತಿಗೆ ಕಾಣಬಹುದು. 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18ಕ್ಕೆ ಇಳಿದಿದೆ. ಹಳೆಯ ಎಂಆರ್‌ಪಿಯಿಂದ ರಿಯಾಯಿತಿ ತೋರಿಸುತ್ತಿದ್ದಾರೆಯೇ, ತೆರಿಗೆ ಇಳಿದ ಮೇಲಿನ ಬೆಲೆಯಿಂದಲೇ ಎಂದು ಕೇಳಿ. ಮನೆಯಲ್ಲಿರುವ ಟೀವಿಗೆ ಎಚ್‌ಡಿಎಂಐ ಕಿಂಡಿ ಇದ್ದರೆ ಹೊಸ ಟೀವಿ ಅಗತ್ಯವಿಲ್ಲ. ಚಿತ್ರ ಸ್ವಲ್ಪ ಮಂಕಾದೀತು, ಆಟ ಅದೇ.

ಗಲ್ಫ್‌ನಿಂದ ಬಂದದ್ದು, ಹಳೆಯದು, ಕಡ್ಡಿಯಂಥದು

ಗುಂಡ್ಲುಪೇಟೆ ಕೋಝಿಕ್ಕೋಡ್ ಹೆದ್ದಾರಿಯ ಮೇಲಿರುವುದರಿಂದ ಗಲ್ಫ್‌ನಿಂದ ಬಂದವರು ತಂದ ಪೆಟ್ಟಿಗೆಗಳು ಇಲ್ಲಿಯವರ ಕಿವಿಗೂ ಬೀಳುತ್ತವೆ. ಬೆಲೆ ಕಡಿಮೆ ಇರಬಹುದು. ಪ್ಲೇಸ್ಟೇಷನ್ 5 ಯಾವ ದೇಶದ ಡಿಸ್ಕನ್ನಾದರೂ ಆಡಿಸುತ್ತದೆ, ನಮ್ಮ ವೋಲ್ಟೇಜಿಗೂ ಹೊಂದುತ್ತದೆ, ಪ್ಲಗ್ ಮಾತ್ರ ಬೇರೆ. ತೊಂದರೆ ಬರುವುದು ಕೆಟ್ಟಾಗ: ಅಲ್ಲಿನ ವಾರಂಟಿ ಇಲ್ಲಿ ನಡೆಯುವುದಿಲ್ಲ. ಗಲ್ಫ್ ಡಿಸ್ಕಿಗೆ ಭಾರತದ ಖಾತೆಯಲ್ಲಿ ಕೊಂಡ ಹೆಚ್ಚುವರಿ ಭಾಗಗಳು ಸೇರದಿರಬಹುದು. ನಿಂಟೆಂಡೊ ಸ್ವಿಚ್ ಅಂತೂ ಭಾರತದಲ್ಲಿ ಕಂಪನಿಯಿಂದಲೇ ಮಾರಾಟವಾಗುತ್ತಿಲ್ಲ; ಇಲ್ಲಿ ಸಿಗುವುದೆಲ್ಲ ಹೊರಗಿನಿಂದ ತಂದದ್ದು. ಸ್ವಿಚ್ 2ರಲ್ಲಿ ಜಪಾನಿನ ಅಗ್ಗದ ಮಾದರಿ ಒಂದಿದೆ, 2025ರಲ್ಲಿ ಬಂದಾಗ ಬೆಲೆ 49,980 ಯೆನ್. ಅದು ಜಪಾನಿ ಭಾಷೆಯಲ್ಲಿ ಮಾತ್ರ, ಜಪಾನಿನ ಖಾತೆಗೆ ಮಾತ್ರ. ಹಲವು ಭಾಷೆಯದಕ್ಕೆ ಆಗ 69,980 ಯೆನ್. ಅಗ್ಗವೆಂದು ಯಾರಾದರೂ ಕೊಡಲು ಬಂದರೆ ಯಾವ ಮಾದರಿ ಎಂದು ಪೆಟ್ಟಿಗೆ ತೆರೆದು ನೋಡಿ.

ಹಳೆಯ ಪ್ಲೇಸ್ಟೇಷನ್ 4 ನಮ್ಮ ಕಡೆಯ ಮನೆಗಳಿಗೆ ಇಂದಿಗೂ ಒಳ್ಳೆಯ ಆಯ್ಕೆ. ಕ್ರಿಕೆಟ್, ಫುಟ್‌ಬಾಲ್, ಕಾರ್ ರೇಸ್ ಆಡುವ ಮಕ್ಕಳಿಗೆ ಅದು ಸಾಕು, ಡಿಸ್ಕುಗಳೂ ಅಗ್ಗ. ಕೊಳ್ಳುವ ಮೊದಲು ಮಾರುವವರ ಮನೆಯಲ್ಲೇ ಅರ್ಧ ಗಂಟೆ ಆಡಿ. ಡಿಸ್ಕ್ ಒಳಗೆ ಹೋಗಿ ಹೊರಗೆ ಬರುತ್ತದೆಯೇ, ಫ್ಯಾನ್ ಅತಿಯಾಗಿ ಸದ್ದು ಮಾಡುತ್ತದೆಯೇ, ಕಂಟ್ರೋಲರ್‌ನ ಗುಂಡಿ ಮುಟ್ಟದೆಯೇ ಪಾತ್ರ ತಾನಾಗಿ ನಡೆಯುತ್ತದೆಯೇ, ಎಚ್‌ಡಿಎಂಐ ಕೇಬಲ್ ಅಲುಗಾಡಿಸಿದರೆ ಚಿತ್ರ ಹೋಗುತ್ತದೆಯೇ ನೋಡಿ. ಅವರ ಖಾತೆ ತೆಗೆಸಿ, ಪೂರ್ತಿ ಅಳಿಸಿ, ನಿಮ್ಮ ಖಾತೆ ಹಾಕಿ ಆನ್‌ಲೈನ್ ಹೋಗುತ್ತದೆಯೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ಹಣ ಕೊಡಿ.

ಟೀವಿಗೆ ಚುಚ್ಚುವ ಗೇಮ್ ಸ್ಟಿಕ್‌ಗಳು ಒಂದೆರಡು ಸಾವಿರಕ್ಕೆ ಸಿಗುತ್ತವೆ, ಹತ್ತು ಸಾವಿರ ಆಟ ಎಂಬ ಬರಹದೊಂದಿಗೆ. ಅವು ಹಳೆಯ ಆಟಗಳ ಅಕ್ರಮ ಪ್ರತಿಗಳು, ಮೆಮೊರಿ ಕಾರ್ಡ್ ಕೆಟ್ಟರೆ ಅಲ್ಲಿಗೆ ಮುಗಿಯಿತು. ಅವನ್ನು ಕೊಳ್ಳಿ ಎಂದು ನಾನು ಹೇಳಲಾರೆ.

ಬಲವಂತ ಮಾಡಿದರೆ

ಒಂಟಿ ಪೆಟ್ಟಿಗೆ ಕೊಡುವುದಿಲ್ಲ, ಕಾಂಬೊ ಆದರೆ ಮಾತ್ರ ಎಂದು ಅಂಗಡಿಯವರು ಹೇಳಿದರೆ ಸುಮ್ಮನೆ ಒಪ್ಪಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(41)ನೇ ಕಲಂ ಪ್ರಕಾರ, ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಷರತ್ತು ಹಾಕುವುದು ನಿರ್ಬಂಧಕ ವ್ಯಾಪಾರ ಪದ್ಧತಿ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವುದೂ ಅಪರಾಧ. ಬಿಲ್ಲಿನಲ್ಲಿ ಪೆಟ್ಟಿಗೆಯ ಸೀರಿಯಲ್ ನಂಬರ್, ಒಂದೊಂದು ಸಾಮಾನಿನ ಬೇರೆ ಬೇರೆ ಬೆಲೆ ಬರೆಸಿ. ಆನ್‌ಲೈನ್ ಆದರೆ ಆರ್ಡರ್ ಹಾಕುವ ಮುನ್ನ ನಿಮ್ಮ ಪಿನ್‌ಕೋಡ್ ಕೊಟ್ಟು, ಚಾಮರಾಜನಗರಕ್ಕೆ 571313, ಗುಂಡ್ಲುಪೇಟೆಗೆ 571111, ಎದುರಿಗೇ ಪೆಟ್ಟಿಗೆ ತೆರೆದು ತೋರಿಸುವ ಡೆಲಿವರಿ ಇದೆಯೇ ನೋಡಿ. ಇಲ್ಲದಿದ್ದರೆ ಪಾರ್ಸಲ್‌ನ ಆರೂ ಮಗ್ಗುಲು ಕಾಣುವಂತೆ ವಿಡಿಯೋ ತೆಗೆಯುತ್ತಲೇ ಬಿಚ್ಚಿ.

ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ. ಅಲ್ಲಿ ಬಗೆಹರಿಯದಿದ್ದರೆ ಚಾಮರಾಜನಗರದ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವರು ಬೆಂಗಳೂರಿನಲ್ಲಿರಲಿ ದೆಹಲಿಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ, ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ.